ಬಂಡೆಯ ಹೆಸರು, ವಂಶದ ಕಥೆ: ಲೆ ಬೋ ಗ್ರಾಮ ಮತ್ತು ಅದರ ಕೋಟೆ

ಸ್ಥಳದ ಹೆಸರು ಅರಸುಮನೆತನಕ್ಕೆ ಬರಬಹುದು. ಮನೆತನದ ಹೆಸರು ಸ್ಥಳಕ್ಕೆ ಅಂಟಿಕೊಳ್ಳಬಹುದು. ಇವುಗಳಲ್ಲಿ ಯಾವುದು ಮೊದಲೆಂದು ನಿರ್ಣಯಿಸದೆ ಸ್ಥಳನಾಮವನ್ನು ಚರಿತ್ರೆಯ ಆಕರವಾಗಿ ಬಳಸಲಾಗದು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದ ಲೆ ಬೋ ಗ್ರಾಮದಲ್ಲಿ ಈ ನಿರ್ಣಯವು ವ್ಯುತ್ಪತ್ತಿಗಷ್ಟೇ ಸಂಬಂಧಿಸಿದುದಲ್ಲ. ಅಧಿಕಾರದ ಸಮರ್ಥನೆಗೂ ಸಂಬಂಧಿಸಿದುದು. ಹೆಸರು ಬಂಡೆಯಿಂದ ಮನೆತನಕ್ಕೆ ಬಂದಿತೇ ಹೊರತು ಮನೆತನದಿಂದ ಬಂಡೆಗಲ್ಲ ಎಂಬುದನ್ನು ಭಾಷಿಕ ಆಧಾರಗಳಿಂದ ತೋರಿಸುವುದು ನಮ್ಮ ಉದ್ದೇಶ.

ಆರ್ಲ್ ನಗರದ ಈಶಾನ್ಯಕ್ಕೆ ಆಲ್ಪೀಯ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿದೆ. ಅದರ ಒಂದು ಕಡಿದಾದ ಬಂಡೆಯ ಮೇಲೆ ಗ್ರಾಮವೂ ಪಾಳುಬಿದ್ದ ಕೋಟೆಯೂ ನಿಂತಿವೆ. 10ನೆಯ ಶತಮಾನದ ಹೊತ್ತಿಗೆ ಈ ಸ್ಥಳವು ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 11ನೆಯ ಶತಮಾನದಲ್ಲಿ ಇಲ್ಲಿನ ಒಡೆಯರು ಅದನ್ನು ತಮ್ಮ ಮನೆತನದ ಹೆಸರಾಗಿ ಧರಿಸುತ್ತಾರೆ. ಪ್ರೊವಾನ್ಸಿನ ಒಡೆತನಕ್ಕಾಗಿ ಬಾರ್ಸಿಲೋನಾದ ಕೌಂಟರ ಮನೆತನದೊಡನೆ 1144ರಿಂದ 1162ರವರೆಗೆ ಅವರು ಹೋರಾಡಿ ಸೋತರು. ಅವರ ಅಧೀನದಲ್ಲಿದ್ದವೆಂದು ಪರಂಪರೆಯು ಎಣಿಸುವ ನೆಲೆಗಳು 79.

ಈ ಮನೆತನವು ತನ್ನ ಮೂಲವನ್ನು ಶಿಶು ಕ್ರಿಸ್ತನನ್ನು ಕಾಣಲು ಬಂದ ಜ್ಞಾನಿಗಳಲ್ಲಿ ಒಬ್ಬನಾದ ಬಾಲ್ಥಜಾರನಲ್ಲಿ ಹೇಳಿಕೊಂಡಿತು. ಅವರ ಲಾಂಛನದ ಹದಿನಾರು ಕಿರಣಗಳ ನಕ್ಷತ್ರವು ಬೆತ್ಲೆಹೇಮಿನ ನಕ್ಷತ್ರವೆನಿಸಿತು. ಮತ್ತಾಯನ ಸುವಾರ್ತೆಯು ಆ ಜ್ಞಾನಿಗಳ ಹೆಸರುಗಳನ್ನು ಹೇಳುವುದಿಲ್ಲ. ಬಾಲ್ಥಜಾರ ಎಂಬ ಹೆಸರು ಅನಂತರದ ಸಂಪ್ರದಾಯದ್ದು. ಹೀಗಿದ್ದರೂ ಜನಪದ ನಿರುಕ್ತಿಗೆ ಧ್ವನಿಸಾಮ್ಯದ ಬಲವಿತ್ತು. ಪ್ರೊವೆನ್ಸಾಲ್ ಭಾಷೆಯಲ್ಲಿ ವ್ಯಂಜನದ ಹಿಂದಿನ ಲಕಾರವು ಸ್ವರವಾಗುತ್ತದೆ: ಲ್ಯಾಟಿನ್ನಿನ ‘ಆಲ್ಬಾ’ ‘ಔಬಾ’ ಆದಂತೆ. ಲ್ಯಾಟಿನ್ ದಾನಪತ್ರಗಳ ‘ಬಾಲ್ಕಿಯೊ’, ‘ಬೌಕಿಯೊ’ ಎಂಬ ಎರಡು ಬರೆಹಗಳು ಇದೇ ಬದಲಾವಣೆಯ ಗುರುತುಗಳು. ಬಾಲ್ಥಜಾರನೂ ಆಡುಮಾತಿನಲ್ಲಿ ‘ಬೌತೆಜಾರ್’ ಆದನು. ಎರಡೂ ಹೆಸರುಗಳು ಒಂದೇ ನಿಯಮಕ್ಕೆ ಒಳಗಾದುದರಿಂದ ಅವುಗಳ ಮೊದಲಕ್ಷರದ ಹೋಲಿಕೆ ಅಳಿಯಲಿಲ್ಲ.

ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ‘ಬೌಸ್’ ರೂಪದ ಕೊನೆಯ ಸಕಾರಕ್ಕೆ ಯಕಾರದ ಹಿಂದಿನ ವ್ಯಂಜನದ ತಾಲವ್ಯೀಕರಣವೇ ಕಾರಣ. ‘ಬಾಲ್ಥಜಾರ್’ ಪದದ ತಕಾರಕ್ಕೆ ಆ ಪರಿಸರವಿಲ್ಲ. ವಿಸಿಗೋಥರ ‘ಬಾಲ್ಥಿ’ ರಾಜವಂಶದಿಂದ ಹೆಸರನ್ನು ಸಾಧಿಸುವ ಇನ್ನೊಂದು ವಾದವನ್ನು ಮಾತ್ರ ಧ್ವನಿನಿಯಮವೊಂದರಿಂದಲೇ ತಳ್ಳಿಹಾಕಲಾಗದು. ಏಕೆಂದರೆ ತಕಾರಕ್ಕೆ ಯಕಾರ ಸೇರಿದರೂ ಇಂಥದೇ ಫಲ ದೊರೆಯುತ್ತದೆ. ಇಲ್ಲಿ ನೆರವಾಗುವುದು ಹಂಚಿಕೆಯ ಆಧಾರ. ಪ್ರೊವೆನ್ಸಾಲಿನಲ್ಲಿ ‘ಬೌಸ್’ ಎಂಬುದು ಕಡಿಬಂಡೆ ಎಂಬರ್ಥದ ರೂಢನಾಮ. ದೂರದ ನೀಸ್ ಪರಿಸರದಲ್ಲಿಯೂ ಸೇಂ-ಜಾನೆಯ ‘ಬೌ’ನಂತಹ ಕಡಿಬಂಡೆಗಳಿಗೆ ಅದೇ ಹೆಸರಿದೆ. ‘ಲೆ’ ಎಂಬ ನಿರ್ದಿಷ್ಟ ಉಪಪದವೂ ಅದರ ಬಹುವಚನವೂ ಇದನ್ನೇ ಸೂಚಿಸುತ್ತವೆ: ಆಡುವವರಿಗೆ ಅದು ವ್ಯಕ್ತಿಯ ಹೆಸರಾಗಿರದೆ ‘ಬಂಡೆಗಳು’ ಎಂಬ ಅರ್ಥವುಳ್ಳ ಪದವಾಗಿತ್ತು. ಆದ್ದರಿಂದ ಬಾಲ್ಥಜಾರನ ಕಥೆಯು ಗ್ರಾಮದ ಮೂಲಕ್ಕೆ ಸಾಕ್ಷಿಯಲ್ಲ. ಮನೆತನದ ಆಕಾಂಕ್ಷೆಗೆ ಸಾಕ್ಷಿ. ಆ ಮಟ್ಟಿಗೆ ಅದೂ ಆಕರವೇ.

ಮನೆತನದ ಕೊನೆಯ ಒಡತಿ ಆಲಿಕ್ಸ್ 1426ರಲ್ಲಿ ತೀರಿಕೊಂಡಳು. ಕೋಟೆಯನ್ನು ಕೆಡವುವ ನಿರ್ಧಾರವು 1632ರಲ್ಲಿ, 13ನೆಯ ಲೂಯಿಯ ಮಂತ್ರಿ ರಿಶಲ್ಯೂವಿನ ಕಾಲದಲ್ಲಿ ಆಯಿತು. ಹೆಸರು ಮಾತ್ರ ಇನ್ನೊಮ್ಮೆ ಬಂಡೆಗೇ ಮರಳಿತು. 1821ರಲ್ಲಿ ಪಿಯೇರ್ ಬೆರ್ತ್ಯೇ ಇಲ್ಲಿನ ಅದಿರನ್ನು ವಿಶ್ಲೇಷಿಸಿದಾಗ ಊರಿನ ಹೆಸರನ್ನು ‘ಸುಂದರ’ ಎಂಬರ್ಥದ ಫ್ರೆಂಚ್ ಪದದಂತೆ ಬರೆದನು. ಇದು ಬರೆಹದಲ್ಲಿ ಮೂಡಿದ ಇನ್ನೊಂದು ಜನಪದ ನಿರುಕ್ತಿ. ಆ ಅದಿರಿಗೆ ‘ಬಾಕ್ಸೈಟ್’ ಎಂಬ ಇಂದಿನ ಹೆಸರು ನೆಲೆಗೊಂಡುದು ಅದೇ ಶತಮಾನದ ಉತ್ತರಾರ್ಧದಲ್ಲಿ. ಊರಿನ ಹೆಸರಿನ ಕೊನೆಯಲ್ಲಿ ಫ್ರೆಂಚರು ಬರೆದೂ ಉಚ್ಚರಿಸದ ಅಕ್ಷರವು ಅದಿರಿನ ಹೆಸರಿನಲ್ಲಿ ‘ಕ್ಸ’ ಎಂದು ಧ್ವನಿ ಪಡೆಯಿತು. ಬೆಳಗಾವಿ ಪರಿಸರದ ಅದಿರನ್ನು ಹೆಸರಿಸುವ ಕನ್ನಡ ಮಾತಿನಲ್ಲಿಯೂ ಆ ‘ಕ್ಸ’ ಉಳಿದಿದೆ. ವಂಶವನ್ನು ನಕ್ಷತ್ರದವರೆಗೆ ಏರಿಸಿದ ಹೆಸರಿನ ಅರ್ಥವು ಮೊದಲಿನಿಂದಲೂ ಕಾಲ ಕೆಳಗಿನ ಕಲ್ಲೇ ಆಗಿತ್ತು.