ಸಮಾಪಕರ ಪದಚ್ಯುತಿ: ಅಕ್ಕಿಆಲೂರು ಸೀಮೆಗೆ ಅನ್ವಯಿಸಿದ ಕಾಯಿದೆಗಳ ಚರಿತ್ರೆ

ಪರರ ಧನವನ್ನು ಕಾಯತಕ್ಕವನು ತಪ್ಪಿ ನಡೆದರೆ ಗತಿಯೇನೆಂಬುದು ಕನ್ನಡ ನಾಡಿಗೆ ಹೊಸ ಪ್ರಶ್ನೆಯಲ್ಲ. ಇಲ್ಲಿಯ ದಾನಶಾಸನಗಳ ಕೊನೆಯಲ್ಲಿ ಧರ್ಮವನ್ನು ಪಾಲಿಸಿದವನಿಗೆ ಪುಣ್ಯವನ್ನೂ ಅದನ್ನು ಅಳಿದವನಿಗೆ ಪಾಪವನ್ನೂ ಹೇಳುವುದು ರೂಢಿ. ಶಾಪವು ಮನಸ್ಸನ್ನು ಅಂಜಿಸಬಲ್ಲುದು; ಕಾಯುವವನನ್ನು ತೆಗೆದು ಬೇರೊಬ್ಬನನ್ನು ನಿಲ್ಲಿಸಲಾರದು. ಈ ಎರಡನೆಯ ಕಾರ್ಯವನ್ನು ಕಂಪೆನಿಗಳ ವಿಷಯದಲ್ಲಿ ನ್ಯಾಯಾಲಯವು ವಹಿಸಿಕೊಂಡ ಬಗೆಯನ್ನು ಹಾನಗಲ್ಲು ತಾಲೂಕಿನ ಅಕ್ಕಿಆಲೂರು ಸೀಮೆಗೆ ಅನ್ವಯಿಸಿದ ಕಾಯಿದೆಗಳಿಂದ ತಿಳಿಯಬಹುದು.

ಮುಚ್ಚಿದ ಕಂಪೆನಿಯ ಆಸ್ತಿಯನ್ನು ವಶಪಡಿಸಿಕೊಂಡು ಮಾರಿ, ಸಾಲ ಕೊಟ್ಟವರಿಗೆ ಹಂಚಿ, ಉಳಿದುದನ್ನು ಷೇರುದಾರರಿಗೆ ಒಪ್ಪಿಸುವವನೇ ಸಮಾಪಕನು, ಎಂದರೆ ಲಿಕ್ವಿಡೇಟರನು. ಅವನು ಉದಾಸೀನನಾದರೆ ಉದ್ದರಿಯಾಗಿ ಹತ್ತಿ ಕೊಟ್ಟ ರೈತನ ಹಣವೂ ಮುಳುಗುವುದು. ತಕ್ಕ ಕಾರಣವನ್ನು ತೋರಿಸಿದಲ್ಲಿ ನ್ಯಾಯಾಲಯವು ಅವನನ್ನು ತೆಗೆಯಬಹುದೆಂದು ಇಂಗ್ಲೆಂಡಿನ 1862ರ ಕಾಯಿದೆಯ 93ನೆಯ ಕಲಮು ವಿಧಿಸಿತು. ಸ್ವಯಂಸಮಾಪನೆಗೆ 141ನೆಯ ಕಲಮು ಇದ್ದಿತು. ಆ ಮಾದರಿಯನ್ನು ಹಿಡಿದ ಹಿಂದುಸ್ಥಾನದ 1866, 1882, 1913ರ ಕಾಯಿದೆಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಅಕ್ಕಿಆಲೂರಿಗೂ ಅನ್ವಯಿಸಿದುವು.

ತಕ್ಕ ಕಾರಣವೆಂದರೆ ಯಾವುದು? 1879ರಲ್ಲಿ ಸರ್ ಜಾನ್ ಮೂರ್ ಚಿನ್ನದ ಗಣಿ ಕಂಪೆನಿಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜೆಸೆಲ್ಲರು ಸಮಾಪಕನ ಅನರ್ಹತೆಯನ್ನು ವಿಶಾಲಾರ್ಥದಲ್ಲಿ ಗ್ರಹಿಸಿದರು: ಶೀಲದೋಷವಲ್ಲದೆ, ಇತರರೊಡನೆ ಅವನಿಗಿರುವ ಸಂಬಂಧವಾಗಲಿ, ಅವನು ಸಿಕ್ಕಿಕೊಂಡ ಸಂದರ್ಭವಾಗಲಿ ಸಾಕು. 1887ರ ಆಡಮ್ ಐಟನ್ ಕಂಪೆನಿಯ ಮೊಕದ್ದಮೆಯಲ್ಲಿ ಬೋವೆನ್ನರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಮಾಪಕನಿಗೂ ನ್ಯಾಯ ದೊರೆಯಬೇಕು. ಆದರೆ ಅಳತೆಗೋಲು ಸಮಾಪನೆಯ ನಿಜವಾದ ಹಿತವೇ ಎಂಬುದು ಅವರ ಅಭಿಪ್ರಾಯ. ಆದುದರಿಂದ ಪದಚ್ಯುತಿಯು ಶಿಕ್ಷೆಯಲ್ಲ, ರಕ್ಷಣೋಪಾಯವು. ಅಪರಾಧವು ಸಿದ್ಧವಾಗುವವರೆಗೆ ಸಾಲ ಕೊಟ್ಟವರು ಕಾಯಬೇಕಾಗಿಲ್ಲ.

1956ನೆಯ ವರ್ಷವು ಈ ಸೀಮೆಗೆ ಎರಡು ಬದಲಾವಣೆಗಳನ್ನು ತಂದಿತು. ಏಪ್ರಿಲ್ 1ರಿಂದ ಹೊಸ ಕಂಪೆನಿ ಕಾಯಿದೆಯು ಜಾರಿಗೆ ಬಂದಿತು. ನವೆಂಬರ್ 1ರಂದು ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, ಉಚ್ಚ ನ್ಯಾಯಾಲಯವು ಮುಂಬಯಿಯ ಬದಲು ಬೆಂಗಳೂರಾಯಿತು. ಹೊಸ ಕಾಯಿದೆಯ 448ನೆಯ ಕಲಮಿನಂತೆ ಪ್ರತಿಯೊಂದು ಉಚ್ಚ ನ್ಯಾಯಾಲಯಕ್ಕೂ ಕೇಂದ್ರ ಸರಕಾರವೇ ಅಧಿಕೃತ ಸಮಾಪಕನನ್ನು ನೇಮಿಸತೊಡಗಿತು. ಅವನ ಕೃತ್ಯದಿಂದ ನೊಂದವರು ನ್ಯಾಯಾಲಯಕ್ಕೆ ದೂರುವ ಹಕ್ಕು ಉಳಿಯಿತಾದರೂ, ಆರಿಸುವವರೇ ಬೇರೆಯಾದುದರಿಂದ ಒಬ್ಬನನ್ನು ತೆಗೆದು ಮತ್ತೊಬ್ಬನನ್ನು ಆರಿಸುವ ಪ್ರಸಂಗವು ಹಿಂದೆ ಸರಿಯಿತು. ಸ್ವಯಂಸಮಾಪನೆಯಲ್ಲಿ ಮಾತ್ರ 515ನೆಯ ಕಲಮು ಹಳೆಯ ಅಧಿಕಾರವನ್ನು ಉಳಿಸಿಕೊಂಡಿತು.

2013ರ ಕಾಯಿದೆಯು ಆಯ್ಕೆಯನ್ನು ನ್ಯಾಯಾಧಿಕರಣಕ್ಕೆ ಕೊಟ್ಟಿತು. ಅದರೊಡನೆ ತೆಗೆಯುವ ಅಧಿಕಾರವೂ ಮರಳಿತು. 2016ರ ಡಿಸೆಂಬರ್ 15ರಿಂದ ಜಾರಿಯಲ್ಲಿರುವ 276ನೆಯ ಕಲಮು ದುರ್ವರ್ತನೆ, ವಂಚನೆ ಅಥವಾ ಕರ್ತವ್ಯಭಂಗ, ವೃತ್ತಿಯಲ್ಲಿ ಅಸಾಮರ್ಥ್ಯ ಅಥವಾ ಅಜಾಗರೂಕತೆ, ಕಾರ್ಯಾಶಕ್ತಿ, ಹಿತಾಸಕ್ತಿಗಳ ಘರ್ಷಣೆ ಎಂಬ ಐದು ಕಾರಣಗಳನ್ನು ಎಣಿಸುತ್ತದೆ. ಆಜ್ಞೆಗೆ ಲಿಖಿತ ಕಾರಣವಿರಬೇಕು. ಸಮಾಪಕನ ಮಾತನ್ನು ಮೊದಲು ಕೇಳಬೇಕು. ಅವನಿಂದಾದ ನಷ್ಟವನ್ನು ಅವನಿಂದಲೇ ವಸೂಲು ಮಾಡಬಹುದು. ಸಾಲ ತೀರಿಸಲಾರದ ಕಂಪೆನಿಗಳ ಸಮಾಪನೆಯಾದರೋ 2016ರ ದಿವಾಳಿ ಸಂಹಿತೆಗೆ ಸೇರಿದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ತೆಗೆಯುವ ಅಧಿಕಾರವು ಆರಿಸುವ ಅಧಿಕಾರವನ್ನು ಅನುಸರಿಸಿ ನಡೆದಿದೆ. ಕಾರಣಗಳನ್ನು ಹೆಸರಿಸುವ ಬಗೆಯು ಬದಲಾಗಿದ್ದರೂ, ಒಪ್ಪಿಸಿದ ಧನದ ಹಿತವೇ ಪ್ರಧಾನವೆಂಬ 1887ರ ಅಳತೆಯು ಅವುಗಳ ಹಿಂದೆ ಇಂದಿಗೂ ನಿಂತಿದೆ.