ಆಕ್ರಮಣಶೀಲತೆ

ಸಂಸ್ಕೃತದ 'ಕ್ರಮ್' ಧಾತುವಿಗೆ ಹೆಜ್ಜೆಯಿಡು ಎಂದರ್ಥ. 'ಆ' ಉಪಸರ್ಗ ಸೇರಿದರೆ ಆಕ್ರಮಣ, ಮೇಲೇರಿ ಹೋಗುವುದು. 'ಮೈಮೇಲೆ ಏರಿ ಬಂದ' ಎಂಬ ಆಡುಮಾತಿನಲ್ಲೂ ಇದೇ ಚಿತ್ರವಿದೆ. 'ಶೀಲ'ಕ್ಕೆ ಸ್ವಭಾವ, ನಡತೆ ಎಂಬ ಎರಡೂ ಅರ್ಥಗಳುಂಟು. ಮನೋವಿಜ್ಞಾನದ ವಾದವೂ ಇವೆರಡರ ನಡುವೆಯೇ. ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ 1963ರ ಪುಸ್ತಕದಲ್ಲಿ ಆಕ್ರಮಣಶೀಲತೆಯನ್ನು ಹುಟ್ಟುಗುಣವೆಂದರು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರ 1961ರ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳಲ್ಲಿ ಹಲವರು ತಾವೂ ಹೊಡೆದರು. ಯುದ್ಧ ಮನುಷ್ಯನ ಜೈವಿಕ ಹಣೆಬರಹವಲ್ಲ ಎಂದು ವಿಜ್ಞಾನಿಗಳ 1986ರ ಸೆವಿಲ್ ಹೇಳಿಕೆ ಸಾರಿತು.

ಬಳಕೆ: 'ಹುಡುಗನ ಆಕ್ರಮಣಶೀಲತೆ ತಗ್ಗಿದೆ.' ಆದರೆ ಕ್ರಿಕೆಟ್ ವರದಿಯಲ್ಲಿ 'ಆಕ್ರಮಣಕಾರಿ ಆಟ' ಹೊಗಳಿಕೆ.

ಸಿಟ್ಟು ಹುಟ್ಟಿನಿಂದಲೇ ಬಂದಿರಬಹುದು. ಕೈಯೆತ್ತುವುದನ್ನು ಮನೆ, ಬೀದಿ, ಶಾಲೆಗಳು ಕಲಿಸುತ್ತವೆ. ಅದನ್ನು ಬಿಡಿಸುವ ಹೊಣೆಯೂ ಅವುಗಳದ್ದೇ.