ಒಂದು ಲಕ್ಷ ಸಾಲುಗಳನ್ನು ಬೇಡವೆಂದದ್ದು

ಗಡಿನಾಡಿನ ಓದುಗರಾದ ನಿಮಗೆ ದುಭಾಷಿ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಯೂಟರಿನೊಳಗೂ ಅಂಥವನೊಬ್ಬನಿದ್ದಾನೆ, ಹೆಸರು ಡ್ರೈವರ್. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ಲಿನ ಮಾತನ್ನು ಯಂತ್ರಭಾಗಗಳಿಗೆ ತಿಳಿಸುವುದು ಅವನ ಕೆಲಸ. ಅವನು ತಪ್ಪಿದರೆ ಇಡೀ ಯಂತ್ರವೇ ನಿಂತುಹೋಗಬಹುದು. ಆದ್ದರಿಂದ, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿಗೆ ಹೊಸ ಡ್ರೈವರ್ ಸೇರಬೇಕಾದರೆ ಬಲ್ಲವರು ಅದನ್ನು ಬಹಿರಂಗವಾಗಿ ಓದಿ ಒಪ್ಪಬೇಕು.

2016ರ ಫೆಬ್ರವರಿಯಲ್ಲಿ ಅಮೆರಿಕದ ಎ.ಎಂ.ಡಿ. ಕಂಪೆನಿ ತನ್ನ ಗ್ರಾಫಿಕ್ಸ್ ಚಿಪ್ಪುಗಳಿಗಾಗಿ, ಪರದೆಯ ಮೇಲೆ ಚಿತ್ರ ಮೂಡಿಸುವ ಹೊಸ ಕೋಡನ್ನು ಪರಿಶೀಲನೆಗೆ ಇಟ್ಟಿತು. ಸುಮಾರು ಒಂದು ಲಕ್ಷ ಸಾಲು! ಬೇರೆ ಆಪರೇಟಿಂಗ್ ಸಿಸ್ಟಮುಗಳಿಗೂ ಅದೇ ಕೋಡು ಒದಗಲೆಂದು ನಡುವೆ ಒಂದು ಪದರ ಹಾಕಿದ್ದರು. ದುಭಾಷಿಗೂ ಒಬ್ಬ ದುಭಾಷಿ ಎನ್ನಿ. ಗ್ರಾಫಿಕ್ಸ್ ವಿಭಾಗದ ಹೊಣೆ ಹೊತ್ತಿದ್ದ ಡೇವ್ ಏರ್ಲಿ ಮೊದಲೇ ಎಚ್ಚರಿಸಿದ್ದರು. ಡಿಸೆಂಬರಿನಲ್ಲಿ ಬೇಡವೆಂದೇ ಬಿಟ್ಟರು. ಕೋಡು ಕೆಲಸ ಮಾಡುವುದಿಲ್ಲವೆಂದಲ್ಲ. ಕಂಪೆನಿಯ ಎಂಜಿನಿಯರುಗಳು ನಾಳೆ ಬೇರೆ ಕೆಲಸಕ್ಕೆ ಹೋದರೆ, ಆ ಪದರದ ಹಿಂದಿರುವುದನ್ನು ದುರಸ್ತಿ ಮಾಡುವವರು ಯಾರು? ಎ.ಎಂ.ಡಿ.ಯವರಿಗೆ ಸಿಟ್ಟು ಬಂತು. ನನಗಂತೂ ಏರ್ಲಿಯವರ ಪ್ರಶ್ನೆ ನ್ಯಾಯವೆನಿಸುತ್ತದೆ.

ಆದರೆ ಪೆಟ್ಟು ಬಿದ್ದದ್ದು ಗಿರಾಕಿಗೆ. 2017ರ ಆಗಸ್ಟಿನಲ್ಲಿ ಮಾರಾಟಕ್ಕೆ ಬಂದ ‘ವೆಗಾ’ ಕಾರ್ಡನ್ನು ದುಡ್ಡು ಕೊಟ್ಟು ತಂದವರು, ಹೊರಗಿನಿಂದ ಕೋಡಿನ ತೇಪೆ ತಂದು ಹಾಕದಿದ್ದರೆ, ಮೂಲ ಕರ್ನೆಲ್ಲಿನಲ್ಲಿ ಅದರಿಂದ ಚಿತ್ರ ಕಾಣುವಂತಿರಲಿಲ್ಲ. ತಿಂಗಳುಗಟ್ಟಲೆ ತಿದ್ದಿದ ಮೇಲೆ, 2018ರ ಜನವರಿ 28ರಂದು ಹೊರಬಂದ 4.15ನೆಯ ಆವೃತ್ತಿಯಲ್ಲಿ ಆ ಕೋಡಿಗೆ ಜಾಗ ಸಿಕ್ಕಿತು. ಆಗಲೂ ಸಾಲುಗಳು ಲಕ್ಷ ಮೀರಿದ್ದವು. ಜೊತೆಗೆ, ಇನ್ನೂ ಸರಿಪಡಿಸಬೇಕಾದ ಕೆಲಸಗಳ ಪಟ್ಟಿಯೊಂದೂ ಒಳಗೆ ಬಂತು.